ಗಡಿಯರಿಯದ ಮೀನು

ಹೊಲಕ್ಕೆ ಬದುವುಂಟು, ಊರಿಗೆ ಎಲ್ಲೆಕಲ್ಲುಂಟು, ದೇಶಕ್ಕೆ ಗಡಿಯುಂಟು. ಬದುವಿನ ಈಚೆಗೆ ಬೆಳೆದ ಪೈರು ಈಚೆಯವನದು, ಆಚೆಗೆ ಬೆಳೆದುದು ಆಚೆಯವನದು. ಇದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೆ ಒಂದು ದೇಶದ ಕಡಲಿನಲ್ಲಿ ಹುಟ್ಟಿ, ಇನ್ನೊಂದು ದೇಶದ ಕಡಲಿನಲ್ಲಿ ಬೆಳೆದು, ಮತ್ತೆ ಹುಟ್ಟಿದ ಕಡಲಿಗೇ ಮರಳುವ ಮೀನು ಯಾರದು? ಅದನ್ನು ಯಾರು, ಎಷ್ಟು ಹಿಡಿಯಬೇಕು? ಇಬ್ಬರೂ ಮನಸ್ಸಿಗೆ ಬಂದಷ್ಟು ಹಿಡಿದರೆ ಏನಾದೀತು? ಈ ಪ್ರಶ್ನೆಗಳಿಗೆ ಉತ್ತರವನ್ನು ಕಂಡುಕೊಳ್ಳಲು ಎರಡು ನೆರೆರಾಷ್ಟ್ರಗಳು ಅರ್ಧ ಶತಮಾನದಿಂದ ನಡೆಸಿರುವ ಪ್ರಯತ್ನವು ತಿಳಿಯತಕ್ಕ ಸಂಗತಿಯಾಗಿದೆ.

ಯೂರೋಪಿನ ಉತ್ತರ ತುದಿಯಲ್ಲಿ, ಧ್ರುವವೃತ್ತದಿಂದಾಚೆಗೆ, ಬ್ಯಾರೆಂಟ್ಸ್ ಸಮುದ್ರವಿದೆ. ಅದರ ದಕ್ಷಿಣ ತೀರದ ಪಶ್ಚಿಮ ಭಾಗವು ನಾರ್ವೆಗೂ ಪೂರ್ವ ಭಾಗವು ರಷ್ಯಕ್ಕೂ ಸೇರಿವೆ. ಚಳಿಗಾಲದಲ್ಲಿ ಅಲ್ಲಿ ವಾರಗಟ್ಟಲೆ ಸೂರ್ಯನು ಉದಯಿಸುವುದಿಲ್ಲ. ಬೇಸಗೆಯಲ್ಲಿ ವಾರಗಟ್ಟಲೆ ಮುಳುಗುವುದಿಲ್ಲ. ಅಟ್ಲಾಂಟಿಕ್ ಸಾಗರದಿಂದ ಹರಿದುಬರುವ ಬೆಚ್ಚನೆಯ ಪ್ರವಾಹವು ಉತ್ತರದ ತಣ್ಣೀರನ್ನು ಕೂಡುವ ಈ ಕಡಲು ಜೀವಿಗಳಿಂದ ತುಂಬಿದೆ. ಜಗತ್ತಿನ ಕಾಡ್ ಮೀನಿನ ಸಂಕುಲಗಳಲ್ಲೆಲ್ಲ ಅತಿ ದೊಡ್ಡದು ವಾಸಿಸುವುದು ಇಲ್ಲಿಯೇ.

ಕಾಡ್ ಮೀನಿನ ಬಾಳು ಒಂದು ದೀರ್ಘ ಯಾತ್ರೆ. ಪ್ರಾಯಕ್ಕೆ ಬಂದ ಮೀನು ಚಳಿಗಾಲದಲ್ಲಿ ಬ್ಯಾರೆಂಟ್ಸ್ ಸಮುದ್ರವನ್ನು ಬಿಟ್ಟು, ನಾರ್ವೆಯ ಕರಾವಳಿಗುಂಟ ನೂರಾರು ಕಿಲೋಮೀಟರು ದಕ್ಷಿಣಕ್ಕೆ ಈಜಿ, ಲೋಫೋಟೆನ್ ದ್ವೀಪಗಳ ಬಳಿಗೆ ಬರುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ಮೊಟ್ಟೆಯಿಡುತ್ತದೆ. ದೊಡ್ಡದೊಂದು ಹೆಣ್ಣುಮೀನು ಒಂದೇ ಋತುವಿನಲ್ಲಿ ಹತ್ತಾರು ಲಕ್ಷ ಮೊಟ್ಟೆಗಳನ್ನಿಡಬಲ್ಲುದು. ಈ ಮೊಟ್ಟೆಗಳು ತಳಕ್ಕಿಳಿಯದೆ ನೀರಿನಲ್ಲಿ ತೇಲುತ್ತವೆ ಎಂಬುದನ್ನು 1860ರ ದಶಕದಲ್ಲಿ ನಾರ್ವೆಯ ವಿಜ್ಞಾನಿ ಗೇಯೋರ್ಗ್ ಓಸಿಯನ್ ಸಾರ್ಸ್ ಅವರು ಕಂಡುಹಿಡಿದರು. ತೇಲುವ ಮೊಟ್ಟೆಗಳನ್ನೂ ಅವುಗಳಿಂದ ಹೊರಬಂದ ಮರಿಗಳನ್ನೂ ಪ್ರವಾಹವು ಉತ್ತರಕ್ಕೂ ಪೂರ್ವಕ್ಕೂ ಕೊಂಡೊಯ್ಯುತ್ತದೆ. ಮರಿಗಳಲ್ಲಿ ದೊಡ್ಡ ಪಾಲು ರಷ್ಯದ ಕಡೆಯ ನೀರಿನಲ್ಲಿ ಬೆಳೆಯುತ್ತದೆ. ಆರೇಳು ವರ್ಷಗಳು ಕಳೆದ ಮೇಲೆ ಅವು ಲೋಫೋಟೆನಿನ ಕಡೆಗೆ ಹೊರಡುತ್ತವೆ. ಹೀಗೆ ನಾರ್ವೆಯು ಆ ಮೀನಿಗೆ ತೊಟ್ಟಿಲಾದರೆ, ರಷ್ಯವು ಅದನ್ನು ಸಾಕಿದ ಮನೆಯಾಗಿದೆ.

ಲೋಫೋಟೆನಿನ ಜನರು ಸುಮಾರು ಸಾವಿರ ವರ್ಷಗಳಿಂದ ಈ ಮೀನನ್ನು ಹಿಡಿದು ಬದುಕಿದ್ದಾರೆ. ಉಪ್ಪು ಹಾಕದೆ, ಮರದ ಹಂದರಗಳಿಗೆ ತೂಗುಹಾಕಿ, ಚಳಿಗಾಳಿಯಲ್ಲಿ ಒಣಗಿಸಿದ ಅಲ್ಲಿನ ಮೀನು ಯೂರೋಪಿನ ದೂರದೂರದ ಪೇಟೆಗಳಿಗೆ ಹೋಗುತ್ತಿತ್ತು. ಹುಟ್ಟುಗೋಲಿನ ದೋಣಿಯೂ ಗಾಳವೂ ಇದ್ದ ಕಾಲದಲ್ಲಿ ಮನುಷ್ಯನು ಎಷ್ಟು ಹಿಡಿದರೂ ಕಡಲು ಬರಿದಾಗುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಸ್ಥಿತಿ ಬದಲಾಯಿತು. ಯಂತ್ರದ ಬಲದಿಂದ ದೊಡ್ಡ ಬಲೆಯನ್ನು ಎಳೆಯುವ ಟ್ರಾಲರ್ ಹಡಗುಗಳು ಬಂದುವು. ಮೀನಿನ ಹಿಂಡು ಎಲ್ಲಿದೆಯೆಂದು ತೋರಿಸುವ ಉಪಕರಣಗಳು ಬಂದುವು. ಅನೇಕ ದೇಶಗಳ ಹಡಗುಗಳು ಒಂದೇ ಕಡಲಿನಲ್ಲಿ ಪೈಪೋಟಿಯಿಂದ ಬಲೆಬೀಸತೊಡಗಿದುವು.

ಇಂತಹ ಪೈಪೋಟಿಯಲ್ಲಿ ಒಂದು ವಿಚಿತ್ರವಿದೆ. ಮೀನನ್ನು ಉಳಿಸಬೇಕೆಂಬ ವಿವೇಕ ಒಬ್ಬನಲ್ಲಿ ಮೂಡಿದರೂ, ಅವನು ಬಿಟ್ಟ ಮೀನನ್ನು ನೆರೆಯವನು ಹಿಡಿಯುತ್ತಾನೆ. ಸಂಯಮ ತೋರಿದವನಿಗೆ ನಷ್ಟ, ತೋರದವನಿಗೆ ಲಾಭ. ಆದುದರಿಂದ ಯಾರೂ ಸಂಯಮ ತೋರುವುದಿಲ್ಲ. ಕೊನೆಗೆ ಎಲ್ಲರಿಗೂ ನಷ್ಟವಾಗುತ್ತದೆ. ಅಟ್ಲಾಂಟಿಕ್ ಸಾಗರದ ಇನ್ನೊಂದು ದಂಡೆಯಲ್ಲಿ ಆದುದನ್ನು ನೋಡಬಹುದು. ಕೆನಡದ ನ್ಯೂಫೌಂಡ್‌ಲೆಂಡ್ ತೀರದಾಚೆ 1968ರಲ್ಲಿ ಹಲವು ದೇಶಗಳ ಹಡಗುಗಳು ಕೂಡಿ ಸುಮಾರು 8 ಲಕ್ಷ ಟನ್ ಕಾಡ್ ಮೀನನ್ನು ಹಿಡಿದುವು. ಮೊದಲು ಪರದೇಶದ ಹಡಗುಗಳೂ ಅನಂತರ ಕೆನಡದ್ದೇ ಹಡಗುಗಳೂ ಮಿತಿಮೀರಿ ಹಿಡಿದುದರ ಫಲವಾಗಿ ಮೀನು ಮುಗಿಯುತ್ತ ಬಂತು. 1992ರ ಜುಲೈ 2ರಂದು ಸರ್ಕಾರವು ಅಲ್ಲಿ ಕಾಡ್ ಮೀನುಗಾರಿಕೆಯನ್ನೇ ನಿಷೇಧಿಸಬೇಕಾಯಿತು. ಸುಮಾರು 30 ಸಾವಿರ ಮಂದಿ ಕೆಲಸ ಕಳೆದುಕೊಂಡರು. ಎರಡು ವರ್ಷಗಳಿಗೆಂದು ವಿಧಿಸಿದ ಆ ನಿಷೇಧವು ತೆರವಾದದ್ದು 32 ವರ್ಷಗಳ ಬಳಿಕ, 2024ರಲ್ಲಿ.

ಬ್ಯಾರೆಂಟ್ಸ್ ಸಮುದ್ರಕ್ಕೆ ಆ ಗತಿ ಬಾರದಿರಲು ಕಾರಣವೇನು? 1970ರ ದಶಕದಲ್ಲಿ ಕರಾವಳಿಯ ರಾಷ್ಟ್ರಗಳು ತಮ್ಮ ತೀರದಿಂದ 200 ನಾಟಿಕಲ್ ಮೈಲಿಯವರೆಗಿನ ಕಡಲ ಸಂಪತ್ತಿನ ಮೇಲೆ ಹಕ್ಕು ಸಾರತೊಡಗಿದುವು. ನಾರ್ವೆಯೂ ಸೋವಿಯತ್ ಒಕ್ಕೂಟವೂ 1977ರಲ್ಲಿ ಹಾಗೆ ಮಾಡಿದುವು. ಕಡಲೇನೋ ಗೆರೆಗಳಿಂದ ವಿಭಾಗವಾಯಿತು. ಆದರೆ ಮೀನು ಆ ಗೆರೆಗಳನ್ನು ಅರಿಯದು. ಇದನ್ನು ಮುಂಚಿತವಾಗಿಯೇ ಮನಗಂಡಿದ್ದ ಎರಡು ದೇಶಗಳೂ 1975ರಲ್ಲಿ ಮೀನುಗಾರಿಕೆಯ ಸಹಕಾರಕ್ಕಾಗಿ ಒಪ್ಪಂದ ಮಾಡಿಕೊಂಡು ಜಂಟಿ ಆಯೋಗವೊಂದನ್ನು ರಚಿಸಿದ್ದುವು. ಅದರ ಮೊದಲ ಸಭೆ 1976ರಲ್ಲಿ ನಡೆಯಿತು. ಅದು ಶೀತಲ ಸಮರದ ಕಾಲ. ನಾರ್ವೆಯು ನ್ಯಾಟೋ ಒಕ್ಕೂಟದ ಸದಸ್ಯರಾಷ್ಟ್ರ. ಎದುರು ಪಕ್ಷದ ನಾಯಕತ್ವ ಸೋವಿಯತ್ ಒಕ್ಕೂಟದ್ದು. ಅದರ ಅಣ್ವಸ್ತ್ರ ಹೊತ್ತ ಜಲಾಂತರ್ಗಾಮಿಗಳು ಇದೇ ಕಡಲಿನಲ್ಲಿ ಸಂಚರಿಸುತ್ತಿದ್ದುವು. ಹೀಗಿದ್ದೂ ಮೀನಿನ ವಿಷಯದಲ್ಲಿ ಅವೆರಡೂ ಒಂದೇ ಮೇಜಿನ ಬಳಿ ಕುಳಿತುವು.

ಈ ಆಯೋಗದ ಕಾರ್ಯಕ್ರಮವು ಮೂರು ಆಧಾರಗಳ ಮೇಲೆ ನಿಂತಿದೆ. ಮೊದಲನೆಯದು, ಮೀನನ್ನು ಜೊತೆಯಾಗಿ ಎಣಿಸುವುದು. ನಾರ್ವೆಯ ಬರ್ಗೆನ್ ನಗರದಲ್ಲಿಯೂ ರಷ್ಯದ ಮುರ್ಮಾನ್ಸ್ಕ್ ನಗರದಲ್ಲಿಯೂ ಸಮುದ್ರ ಸಂಶೋಧನೆಯ ಹಳೆಯ ಸಂಸ್ಥೆಗಳಿವೆ. ಮೀನಿನ ಕಿವಿಯೊಳಗೆ ಇರುವ ಪುಟ್ಟ ಕಲ್ಲಿನಲ್ಲಿ ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದು ಉಂಗುರ ಮೂಡುತ್ತದೆ. ಅದನ್ನು ಎಣಿಸಿ ಮೀನಿನ ವಯಸ್ಸನ್ನು ಹೇಳಬಹುದು. ಮೀನಿನ ಫಸಲು ವರ್ಷದಿಂದ ವರ್ಷಕ್ಕೆ ಏರಿಳಿಯಲು ಯಾವ ಯಾವ ವರ್ಷದಲ್ಲಿ ಎಷ್ಟು ಮರಿಗಳು ಬದುಕಿ ಉಳಿದುವು ಎಂಬುದೇ ಮುಖ್ಯ ಕಾರಣವೆಂದು ನಾರ್ವೆಯ ಯೋಹಾನ್ ಯೋರ್ಟ್ ಅವರು 1914ರಲ್ಲಿಯೇ ವಿವರಿಸಿದ್ದರು. ಎರಡೂ ಸಂಸ್ಥೆಗಳ ಹಡಗುಗಳು ಕಡಲನ್ನು ಸಮೀಕ್ಷಿಸಿ, ಯಾವ ವಯಸ್ಸಿನ ಮೀನು ಎಷ್ಟಿದೆಯೆಂದು ಲೆಕ್ಕಹಾಕುತ್ತವೆ. ಇಬ್ಬರ ಲೆಕ್ಕವೂ ಒಂದೇ ಆದುದರಿಂದ, ಮೀನು ಎಷ್ಟಿದೆ ಎಂಬ ಬಗ್ಗೆ ಜಗಳಕ್ಕೆ ಆಸ್ಪದ ಕಡಮೆ.

ಎರಡನೆಯದು, ಪಾಲಿನ ಪ್ರಮಾಣವನ್ನು ಒಮ್ಮೆಗೇ ಗೊತ್ತುಪಡಿಸುವುದು. ವರ್ಷಕ್ಕೊಮ್ಮೆ ಆಯೋಗವು ಮುಂದಿನ ವರ್ಷ ಹಿಡಿಯಬಹುದಾದ ಮೀನಿನ ಒಟ್ಟು ಮೊತ್ತವನ್ನು ನಿರ್ಧರಿಸುತ್ತದೆ. ಅದರಲ್ಲಿ ಒಂದಂಶವನ್ನು ಇತರ ದೇಶಗಳಿಗೆಂದು ತೆಗೆದಿರಿಸಿ, ಉಳಿದುದನ್ನು ಹಂಚುತ್ತಾರೆ. ಕಾಡ್ ಮತ್ತು ಹ್ಯಾಡಕ್ ಮೀನುಗಳಲ್ಲಿ ಇಬ್ಬರಿಗೂ ಸಮಪಾಲು. ಕ್ಯಾಪೆಲಿನ್ ಎಂಬ ಸಣ್ಣ ಮೀನಿನಲ್ಲಿ ನಾರ್ವೆಗೆ ಶೇಕಡಾ 60, ರಷ್ಯಕ್ಕೆ ಶೇಕಡಾ 40. ಈ ಪ್ರಮಾಣವು ಅಂದಿನಿಂದ ಇಂದಿನವರೆಗೂ ಬದಲಾಗಿಲ್ಲ. ಪಾಲು ಸ್ಥಿರವಾಗಿರುವಾಗ ನೆರೆಯವನಿಗಿಂತ ಹೆಚ್ಚು ದೋಚುವ ಆಸೆಗೆ ಅವಕಾಶವಿಲ್ಲ. ಒಟ್ಟು ಮೀನು ಹೆಚ್ಚಿದರೆ ಇಬ್ಬರಿಗೂ ಹೆಚ್ಚುತ್ತದೆ, ಕುಗ್ಗಿದರೆ ಇಬ್ಬರಿಗೂ ಕುಗ್ಗುತ್ತದೆ.

ಮೂರನೆಯದು, ಒಬ್ಬರ ನೀರಿನಲ್ಲಿ ಇನ್ನೊಬ್ಬರು ಮೀನು ಹಿಡಿಯಲು ಅವಕಾಶ ಕೊಡುವುದು. ಮೇಲ್ನೋಟಕ್ಕೆ ಇದು ಔದಾರ್ಯದಂತೆ ತೋರಬಹುದು. ಇದರಲ್ಲಿ ಲೆಕ್ಕಾಚಾರವೂ ಇದೆ. ರಷ್ಯದ ಕಡೆಯ ನೀರಿನಲ್ಲಿ ಎಳೆಯ ಮೀನು ಹೆಚ್ಚು. ನಾರ್ವೆಯ ಕಡೆಯ ನೀರಿನಲ್ಲಿ ಬಲಿತ ಮೀನು ಹೆಚ್ಚು. ರಷ್ಯದ ಹಡಗುಗಳು ತಮ್ಮ ಪಾಲನ್ನೆಲ್ಲ ತಮ್ಮ ನೀರಿನಲ್ಲಿಯೇ ಹಿಡಿಯಬೇಕಾಗಿದ್ದರೆ ಒಂದು ಟನ್ ತೂಕಕ್ಕೆ ಎಷ್ಟೋ ಎಳೆಯ ಮೀನುಗಳು ಬಲಿಯಾಗುತ್ತಿದ್ದುವು. ಅವೇ ಹಡಗುಗಳು ನಾರ್ವೆಯ ನೀರಿನಲ್ಲಿ ಬಲಿತ ಮೀನನ್ನು ಹಿಡಿದರೆ ಕೆಲವೇ ಮೀನುಗಳಿಂದ ಅಷ್ಟೇ ತೂಕವಾಗುತ್ತದೆ; ಎಳೆಯವು ಬೆಳೆದು ಇಬ್ಬರಿಗೂ ಒದಗುತ್ತವೆ.

ಎರಡು ದೇಶಗಳ ನಡುವಣ ಕಡಲಗಡಿಯ ವಿವಾದವು ಆಗ ಇತ್ಯರ್ಥವಾಗಿರಲಿಲ್ಲ. ಸುಮಾರು 1,75,000 ಚದರ ಕಿಲೋಮೀಟರು ಕಡಲನ್ನು ಇಬ್ಬರೂ ತಮ್ಮದೆನ್ನುತ್ತಿದ್ದರು. ಆ ವ್ಯಾಜ್ಯ ತೀರುವವರೆಗೆ ಮೀನು ಕಾಯಲಾರದು. ಆದುದರಿಂದ 1978ರಲ್ಲಿ ಒಂದು ತಾತ್ಕಾಲಿಕ ಏರ್ಪಾಟು ಮಾಡಿಕೊಂಡರು. ವಿವಾದದ ಭಾಗದಲ್ಲಿ ಪ್ರತಿಯೊಂದು ದೇಶವೂ ತನ್ನ ಹಡಗುಗಳನ್ನೂ ತಾನು ಪರವಾನಗಿ ಕೊಟ್ಟ ಹಡಗುಗಳನ್ನೂ ಮಾತ್ರ ತಪಾಸಣೆ ಮಾಡತಕ್ಕದ್ದು. ನೆರೆಯವನ ಹಡಗನ್ನು ತಡೆಯಕೂಡದು. ಈ ಏರ್ಪಾಟನ್ನು ವರ್ಷ ವರ್ಷವೂ ನವೀಕರಿಸುತ್ತ ಬಂದರು. ಗಡಿಯ ಒಪ್ಪಂದಕ್ಕೆ ಮುರ್ಮಾನ್ಸ್ಕ್ ನಗರದಲ್ಲಿ ಸಹಿ ಬಿದ್ದುದು 2010ರ ಸೆಪ್ಟೆಂಬರ್ 15ರಂದು. ಬಲೆಯ ಕಣ್ಣಿನ ಅಳತೆಯಂತಹ ಚಿಕ್ಕ ವಿಷಯವೂ ಬೇಗನೆ ಬಗೆಹರಿಯಲಿಲ್ಲ. ಹಿಡಿಯಬಹುದಾದ ಕಾಡ್ ಮೀನು ನಾರ್ವೆಯಲ್ಲಿ ಕನಿಷ್ಠ 47 ಸೆಂಟಿಮೀಟರು, ರಷ್ಯದಲ್ಲಿ 42 ಸೆಂಟಿಮೀಟರು ಉದ್ದವಿರಬೇಕೆಂಬ ನಿಯಮವಿತ್ತು. 2011ರಿಂದ ಇಬ್ಬರಿಗೂ 44 ಸೆಂಟಿಮೀಟರು ಎಂದಾಯಿತು. ಬಲೆಯ ಕಣ್ಣು 130 ಮಿಲಿಮೀಟರು ಎಂದಾಯಿತು.

ಒಪ್ಪಂದವಿದ್ದ ಮಾತ್ರಕ್ಕೆ ಸಂಕಟಗಳು ತಪ್ಪಲಿಲ್ಲ. 1980ರ ದಶಕದ ಕೊನೆಯಲ್ಲಿ ಕಾಡ್ ಮೀನು ಬಹಳ ಕುಗ್ಗಿತು. 1989ರಲ್ಲಿ ನಾರ್ವೆಯ ಕರಾವಳಿಯ ಮೀನುಗಾರರು ಋತುವಿನ ನಡುವೆಯೇ ಬಲೆಗಳನ್ನು ಮೇಲೆತ್ತಬೇಕಾಯಿತು. ಸಾಲ ಮಾಡಿ ದೋಣಿ ಕೊಂಡವರ ಕಷ್ಟ ಹೇಳತೀರದು. 1990ಕ್ಕೆ ಗೊತ್ತಾದ ಒಟ್ಟು ಮೊತ್ತ ಸುಮಾರು 1,60,000 ಟನ್ ಮಾತ್ರ. ಕೆಲವು ವರ್ಷಗಳ ಸಂಯಮದಿಂದ ಮೀನು ಚೇತರಿಸಿಕೊಂಡಿತು. ಮುಂದೆ 2000ರ ದಶಕದಲ್ಲಿ ಕಳ್ಳಬೇಟೆ ಹೆಚ್ಚಿತು. ಕೆಲವು ಹಡಗುಗಳು ಹಿಡಿದ ಮೀನನ್ನು ನಡುಗಡಲಿನಲ್ಲಿಯೇ ಬೇರೆ ಹಡಗಿಗೆ ಸಾಗಿಸಿ, ಲೆಕ್ಕಕ್ಕೆ ಸಿಗದಂತೆ ಪರದೇಶದ ಬಂದರುಗಳಲ್ಲಿ ಇಳಿಸುತ್ತಿದ್ದುವು. 2005ರಲ್ಲಿ ಹೀಗೆ ಹೋದ ಮೀನು 1 ಲಕ್ಷ ಟನ್ನಿಗೂ ಮಿಗಿಲೆಂದು ಅಂದಾಜಾಗಿತ್ತು. 2007ರಿಂದ ಯೂರೋಪಿನ ಬಂದರುಗಳು ಸರಿಯಾದ ದಾಖಲೆಯಿಲ್ಲದ ಮೀನನ್ನು ಇಳಿಸಿಕೊಳ್ಳದಂತಾದ ಮೇಲೆ ಆ ಕಳ್ಳತನ ಬಹುಮಟ್ಟಿಗೆ ನಿಂತಿತು. 2013ರ ಹೊತ್ತಿಗೆ ಒಟ್ಟು ಮೊತ್ತವು 10 ಲಕ್ಷ ಟನ್ನಿಗೆ ಏರಿತು.

ನೆರೆಹೊರೆಯವರು ಒಪ್ಪದಿದ್ದರೆ ಆಗುವುದೇನೆಂಬುದಕ್ಕೆ ನಿದರ್ಶನವು ದೂರದಲ್ಲಿಲ್ಲ. ನಮ್ಮ ಬಂಗುಡೆಯ ಬಂಧುವಾದ ಮ್ಯಾಕರೆಲ್ ಮೀನು ಅಟ್ಲಾಂಟಿಕ್ ಸಾಗರದ ಈಶಾನ್ಯ ಭಾಗದಲ್ಲಿದೆ. 2007ರ ಸುಮಾರಿನಿಂದ ಅದು ಹೆಚ್ಚುಹೆಚ್ಚಾಗಿ ಐಸ್‌ಲೆಂಡಿನ ನೀರಿಗೆ ಬರತೊಡಗಿತು. ತನ್ನ ನೀರಿಗೆ ಬಂದ ಮೀನಿನಲ್ಲಿ ತನಗೂ ಪಾಲುಂಟೆಂದು ಐಸ್‌ಲೆಂಡ್ ಹೇಳಿತು. ತಲೆತಲಾಂತರದಿಂದ ಹಿಡಿಯುತ್ತ ಬಂದವರು ತಾವೆಂದು ಇತರರು ಹೇಳಿದರು. ಪ್ರತಿಯೊಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಆದರೆ ಪ್ರತಿಯೊಬ್ಬರೂ ತಮ್ಮ ಪಾಲನ್ನು ತಾವೇ ಗೊತ್ತುಮಾಡಿಕೊಂಡುದರಿಂದ ಪಾಲುಗಳ ಮೊತ್ತವು ವಿಜ್ಞಾನಿಗಳು ಹೇಳಿದ ಮಿತಿಯನ್ನು ವರ್ಷ ವರ್ಷವೂ ದಾಟಿತು. ಮೀನು ಕುಗ್ಗುತ್ತ ಬಂತು. ಹಂಚಿಕೊಂಡ ಮೀನಿನ ವಿಷಯದಲ್ಲಿ ನೆರೆರಾಷ್ಟ್ರಗಳು ಒಪ್ಪಂದಕ್ಕೆ ಯತ್ನಿಸಬೇಕೆಂದು 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ವಿಧಿಸಿದೆ. ಯತ್ನಿಸಬೇಕೆಂದು ಕಾನೂನು ಹೇಳಬಹುದು. ಒಪ್ಪುವ ಮನಸ್ಸನ್ನು ಅದು ಕೊಡಲಾರದು.

ಬ್ಯಾರೆಂಟ್ಸ್ ಸಮುದ್ರದ ಒಪ್ಪಂದಕ್ಕೂ ಈಗ ಕಠಿಣ ಪರೀಕ್ಷೆ ಒದಗಿದೆ. 2022ರಲ್ಲಿ ಯುಕ್ರೇನ್ ಯುದ್ಧವು ಆರಂಭವಾದ ಬಳಿಕ ರಷ್ಯವನ್ನು ಅಂತರರಾಷ್ಟ್ರೀಯ ಸಮುದ್ರ ಸಂಶೋಧನಾ ಮಂಡಲಿಯಿಂದ ಅಮಾನತಿನಲ್ಲಿಡಲಾಯಿತು. ಅದೇ ವರ್ಷ ನಾರ್ವೆಯು ರಷ್ಯದ ಮೀನುಗಾರಿಕೆಯ ಹಡಗುಗಳಿಗೆ ತನ್ನ ಬಂದರುಗಳಲ್ಲಿ ಮೂರನ್ನು ಮಾತ್ರ ತೆರೆದಿಟ್ಟಿತು. ಆದರೂ ಎರಡು ದೇಶಗಳ ವಿಜ್ಞಾನಿಗಳು ತಮ್ಮತಮ್ಮಲ್ಲಿ ಲೆಕ್ಕವನ್ನು ಮುಂದುವರಿಸಿದರು. ಆಯೋಗವೂ ವರ್ಷ ವರ್ಷ ಪಾಲನ್ನು ಗೊತ್ತುಪಡಿಸಿತು. ಇದೇ ಕಾಲದಲ್ಲಿ ಮರಿಗಳ ಪೀಳಿಗೆ ಬಲಹೀನವಾಗಿ ಮೀನು ಮತ್ತೆ ಕುಗ್ಗಿತು. 2025ರ ಒಟ್ಟು ಮೊತ್ತವನ್ನು 3,40,000 ಟನ್ನಿಗೆ ಇಳಿಸಬೇಕಾಯಿತು. ಬೇರೆಲ್ಲ ಮಾತುಕತೆ ಮುರಿದುಬಿದ್ದಿರುವಾಗಲೂ, ಕಡಮೆ ಹಿಡಿಯೋಣವೆಂಬ ಕಹಿಯಾದ ಮಾತಿಗೆ ಇಬ್ಬರೂ ಒಪ್ಪಿದರೆಂಬುದು ಗಮನಾರ್ಹ.

ಕನ್ನಡನಾಡಿನ ಕಡಲಿಗೂ ಈ ವಿಚಾರ ದೂರದ್ದಲ್ಲ. ನಮ್ಮ ಬಂಗುಡೆ, ಬೂತಾಯಿ ಮೀನುಗಳು ಕೇರಳ, ಕರ್ನಾಟಕ, ಗೋವಾ ಎಂಬ ಭೇದವನ್ನರಿಯವು. ತೀರದಿಂದ 12 ನಾಟಿಕಲ್ ಮೈಲಿಯವರೆಗೆ ಮೀನುಗಾರಿಕೆಯು ಆಯಾ ರಾಜ್ಯದ ಅಧಿಕಾರಕ್ಕೆ ಸೇರಿದೆ. ಅದರಾಚೆಗೆ ಕೇಂದ್ರದ ಅಧಿಕಾರ. ಒಂದು ರಾಜ್ಯವು ಬಲೆಯನ್ನು ದಡದಲ್ಲಿಟ್ಟು, ಪಕ್ಕದ ರಾಜ್ಯವು ಕಡಲಿಗಿಳಿಸಿದರೆ ಮೀನು ಉಳಿಯದು. ಆದುದರಿಂದಲೇ ಪಶ್ಚಿಮ ಕರಾವಳಿಯಲ್ಲಿ ಕೇಂದ್ರದ ಅಧಿಕಾರಕ್ಕೆ ಸೇರಿದ ಕಡಲಿನಲ್ಲೆಲ್ಲ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರಿಕ ಮೀನುಗಾರಿಕೆಗೆ ಏಕರೂಪದ ನಿಷೇಧವಿದೆ.

ಗಡಿಯ ವ್ಯಾಜ್ಯಗಳು ತಲೆಮಾರುಗಳವರೆಗೆ ನಡೆಯಬಹುದು. ಮೀನಿನ ಒಂದು ಪೀಳಿಗೆ ಅಷ್ಟು ಕಾಲ ಕಾಯದು. ನೆರೆಯವನನ್ನು ಪ್ರೀತಿಸಲಾಗದಿದ್ದರೂ ಅವನೊಡನೆ ಕುಳಿತು ಎಣಿಸಬಹುದು, ಹಂಚಿಕೊಳ್ಳಬಹುದು, ಬೇಕಾದಾಗ ಇಬ್ಬರೂ ಕೈತಡೆಯಬಹುದು. ಲೋಫೋಟೆನಿಗೆ ಪ್ರತಿ ಚಳಿಗಾಲವೂ ಮರಳಿಬರುವ ಮೀನು ಈ ವಿವೇಕದ ಫಲವಾಗಿದೆ.