ದಿನಬಳಕೆಯ ಗಣಕಯಂತ್ರಕ್ಕೆ ಕಾರ್ಯಾಚರಣ ವ್ಯವಸ್ಥೆಯ ಆಯ್ಕೆ: ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ಅಂಗಡಿಯ ವಿದ್ಯುನ್ಮಾನ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಬೇಕೆಂಬುದನ್ನು ಯಾವ ವರ್ತಕನಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಮುದ್ರೆಯ ಅವಧಿ ಮುಗಿದ ತಕ್ಕಡಿ ಮರುದಿನವೂ ತೂಗುತ್ತದೆ, ಅಂಕಿಗಳೂ ಮೂಡುತ್ತವೆ. ಆದರೆ ಆ ತೂಕಕ್ಕೆ ಯಾರೂ ಹೊಣೆಯಲ್ಲ. ಅದೇ ಮೇಜಿನ ಮೇಲಿರುವ ಗಣಕಯಂತ್ರಕ್ಕೂ ಇಂಥದೇ ಒಂದು ಅವಧಿ ಇದೆ ಎಂಬುದು ಮಾತ್ರ ಹಲವರ ಗಮನಕ್ಕೆ ಬಂದಿಲ್ಲ. 2015ರ ಜುಲೈನಲ್ಲಿ ಬಿಡುಗಡೆಯಾಗಿ ನಮ್ಮ ಪೇಟೆಗಳಲ್ಲೆಲ್ಲ ಹರಡಿಕೊಂಡ ವಿಂಡೋಸ್ 10 ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಮರುದಿನ ಬೆಳಿಗ್ಗೆಯೂ ಯಂತ್ರಗಳು ಎಂದಿನಂತೆ ಚಾಲೂ ಆದವು. ಅಪಾಯವು ಕಣ್ಣಿಗೆ ಬೀಳದಿರುವುದಕ್ಕೆ ಇದೇ ಕಾರಣ.

ಆಪರೇಟಿಂಗ್ ಸಿಸ್ಟಂ ಎಂದು ಎಲ್ಲರೂ ಕರೆಯುವ ಕಾರ್ಯಾಚರಣ ವ್ಯವಸ್ಥೆಯು ಯಂತ್ರಾಂಶಕ್ಕೂ ಅನ್ವಯಿಕ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ನಡೆಸುವ ಮೂಲ ತಂತ್ರಾಂಶ. ಬಿಲ್ ತಯಾರಿಸುವ ತಂತ್ರಾಂಶವು ಮುದ್ರಕಕ್ಕೆ ತಾನೇ ಆಜ್ಞೆ ಕೊಡುವುದಿಲ್ಲ, ಕಡತವನ್ನು ತಾನೇ ತಟ್ಟೆಯ ಮೇಲೆ ಬರೆಯುವುದಿಲ್ಲ; ಎರಡನ್ನೂ ಈ ವ್ಯವಸ್ಥೆಯ ಮೂಲಕ ಮಾಡಿಸುತ್ತದೆ. ಆದ್ದರಿಂದ ಇದರಲ್ಲಿ ಬಿರುಕು ಉಂಟಾದರೆ ಮೇಲಿನ ಎಲ್ಲವೂ ಸಡಿಲವಾಗುತ್ತದೆ. ಇಂಥ ಬಿರುಕುಗಳು ಪ್ರತಿ ತಿಂಗಳೂ ಪತ್ತೆಯಾಗುತ್ತವೆ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ಅವುಗಳಿಗೆ ತೇಪೆಗಳನ್ನು ಬಿಡುಗಡೆ ಮಾಡುತ್ತದೆ. ಬೆಂಬಲ ಮುಗಿದ ವ್ಯವಸ್ಥೆಗೆ ಈ ತೇಪೆಗಳು ಬರುವುದಿಲ್ಲ. ಅಷ್ಟೇ ಅಲ್ಲ, ಹೊಸ ವ್ಯವಸ್ಥೆಗೆ ಹಾಕಿದ ತೇಪೆಯನ್ನು ಪರಿಶೀಲಿಸಿದವನಿಗೆ ಹಳೆಯದರಲ್ಲಿ ಬಿರುಕು ಎಲ್ಲಿದೆ ಎಂಬುದೂ ತಿಳಿದುಹೋಗುತ್ತದೆ.

2017ರ ಮೇ 12ರಂದು ಹಬ್ಬಿದ ವನ್ನಾಕ್ರೈ ದಾಳಿಯನ್ನು ಇಲ್ಲಿ ನೆನೆಯಬೇಕು. ಗಣಕಯಂತ್ರದ ಕಡತಗಳಿಗೆಲ್ಲ ಗೂಢಲಿಪಿಯ ಬೀಗ ಹಾಕಿ, ಬಿಡಿಸಲು 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳಿದ ಈ ತಂತ್ರಾಂಶವು ಒಬ್ಬರ ಯಂತ್ರದಿಂದ ಇನ್ನೊಬ್ಬರದಕ್ಕೆ ಜಾಲದ ಮೂಲಕ ತಾನಾಗಿಯೇ ಹರಿದು, ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳ ಕೆಲಸವನ್ನೂ ನಿಲ್ಲಿಸಿತು. ಗಮನಾರ್ಹ ಸಂಗತಿಯೆಂದರೆ, ಅದಕ್ಕೆ ತೇಪೆಯು ಆ ವರ್ಷದ ಮಾರ್ಚ್‌ನಲ್ಲಿಯೇ ಬಿಡುಗಡೆಯಾಗಿತ್ತು. ಬಲಿಯಾದವುಗಳಲ್ಲಿ ಹೆಚ್ಚಿನವು ಆಗಿನ್ನೂ ಬೆಂಬಲವಿದ್ದ ವಿಂಡೋಸ್ 7 ಯಂತ್ರಗಳು. ಬಂದ ತೇಪೆಯನ್ನು ಹಾಕಿಕೊಂಡಿರಲಿಲ್ಲ, ಅಷ್ಟೆ. ಬೆಂಬಲವಿದ್ದರೂ ಬಳಸದವನ ಪಾಡು ಇದಾದರೆ, ಬೆಂಬಲವೇ ಇಲ್ಲದವನ ಪಾಡನ್ನು ಊಹಿಸಬಹುದು.

ವರ್ತಕನಿಗೆ ಇದರಲ್ಲಿ ನಷ್ಟವಾಗುವುದು ಯಂತ್ರವಲ್ಲ, ಲೆಕ್ಕದ ಪುಸ್ತಕ. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಆರು ವರ್ಷಗಳ ಖರೀದಿ, ಮಾರಾಟ, ಬಾಕಿದಾರರ ಖಾತೆ ಎಲ್ಲವೂ ಒಂದೇ ತಟ್ಟೆಯ ಮೇಲಿರುವ ಅಂಗಡಿಗಳು ನಮ್ಮಲ್ಲಿ ಕಡಿಮೆಯೇನಲ್ಲ. ಯಾರು ಎಷ್ಟು ಕೊಡಬೇಕೆಂಬುದು ಮಾಲೀಕನ ನೆನಪಿನಲ್ಲಿ ಮಾತ್ರ ಉಳಿದರೆ, ಬಾಕಿ ವಸೂಲಿ ಹೇಗಾದೀತು?

ಮೊದಲು ಕೆಲಸ, ಆಮೇಲೆ ವ್ಯವಸ್ಥೆ

ಯಾವ ಕಾರ್ಯಾಚರಣ ವ್ಯವಸ್ಥೆ ಉತ್ತಮವೆಂಬ ಪ್ರಶ್ನೆಯನ್ನು ಹಾಗೆಯೇ ಕೇಳಿದರೆ ಉತ್ತರ ಸಿಗುವುದಿಲ್ಲ. ಆ ಮೇಜಿನ ಮೇಲೆ ಯಾವ ತಂತ್ರಾಂಶ ನಡೆಯಬೇಕು, ಆ ಯಂತ್ರಕ್ಕೆ ಯಾವ ಸಲಕರಣೆಗಳು ಜೋಡಣೆಯಾಗಿವೆ ಎಂಬುದನ್ನು ಮೊದಲು ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಪೀಣ್ಯದಲ್ಲಿಯೋ ಬೆಳಗಾವಿಯ ಉದ್ಯಮಬಾಗ್‌ನಲ್ಲಿಯೋ ಇರುವ ನಾಲ್ಕು ಗಣಕಯಂತ್ರಗಳ ಒಂದು ಬಿಡಿಭಾಗ ತಯಾರಿಕಾ ಘಟಕವನ್ನು ಊಹಿಸಿಕೊಳ್ಳಬಹುದು. ಒಂದು ಯಂತ್ರದಲ್ಲಿ ಲೆಕ್ಕಪತ್ರ, ಎರಡನೆಯದರಲ್ಲಿ ಮಿಂಚಂಚೆ ಮತ್ತು ದರಪಟ್ಟಿ, ಮೂರನೆಯದರಲ್ಲಿ ದಾಸ್ತಾನಿನ ಹಳೆಯ ತಂತ್ರಾಂಶ, ನಾಲ್ಕನೆಯದು ಸಿಎನ್‌ಸಿ ಯಂತ್ರದ ಪಕ್ಕದಲ್ಲಿ. ನಾಲ್ಕಕ್ಕೂ ಒಂದೇ ವ್ಯವಸ್ಥೆ ಇರಬೇಕೆಂಬ ನಿಯಮವಿಲ್ಲ, ಇರಬಾರದೆಂದೇ ಹೇಳಬಹುದು.

ಲೆಕ್ಕಪತ್ರದ ಯಂತ್ರದ ವಿಷಯದಲ್ಲಿ ಆಯ್ಕೆ ಬಹುಮಟ್ಟಿಗೆ ಮೊದಲೇ ಆಗಿಹೋಗಿರುತ್ತದೆ. 1986ರಲ್ಲಿ ಆರಂಭವಾಗಿ ಇಂದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಟ್ಯಾಲಿ ಸಂಸ್ಥೆಯ ತಂತ್ರಾಂಶವು ವಿಂಡೋಸ್‌ಗಾಗಿಯೇ ರೂಪಿತವಾದುದು. ಲಿನಕ್ಸ್‌ನಲ್ಲಿ ವೈನ್ ಎಂಬ ಮಧ್ಯವರ್ತಿ ತಂತ್ರಾಂಶದ ಸಹಾಯದಿಂದ ಅದನ್ನು ನಡೆಸುವವರಿದ್ದಾರೆ. ಆದರೆ ತೊಡಕು ಬಂದ ದಿನ ಅದಕ್ಕೆ ತಯಾರಕರ ನೆರವಿಲ್ಲ. ವರ್ಷಾಂತ್ಯದ ವಾರದಲ್ಲಿ ಇಂಥ ಪ್ರಯೋಗ ತರವಲ್ಲ. ಸರಕು ಸೇವಾ ತೆರಿಗೆಯ ಜಾಲತಾಣವು ಯಾವ ವ್ಯವಸ್ಥೆಯ ಬ್ರೌಸರಿನಲ್ಲಾದರೂ ತೆರೆಯುತ್ತದೆಯಾದರೂ, ರಿಟರ್ನ್ ಸಿದ್ಧಪಡಿಸುವ ಆಫ್‌ಲೈನ್ ಸಾಧನವು ವಿಂಡೋಸ್ ಮತ್ತು ಎಕ್ಸೆಲ್ ಇರುವುದೆಂದೇ ಭಾವಿಸಿ ರಚಿತವಾಗಿದೆ. ಕಂಪನಿಗಳಿಗೂ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಗಳಿಗೂ ಡಿಜಿಟಲ್ ಸಹಿ ಕಡ್ಡಾಯ. ಆ ಸಹಿಯ ಟೋಕನ್ನಿನ ಚಾಲಕ ತಂತ್ರಾಂಶ ಯಾವ ವ್ಯವಸ್ಥೆಗೆ ದೊರೆಯುತ್ತದೆಂದು ಮಾರಾಟಗಾರರಲ್ಲಿ ಮೊದಲೇ ವಿಚಾರಿಸಬೇಕು. ಒಬ್ಬನೇ ಒಡೆಯನಿರುವ ಅಂಗಡಿಗೆ ಮೊಬೈಲಿಗೆ ಬರುವ ಸಂಕೇತವೇ ಸಾಕಾಗುವುದರಿಂದ ಈ ತೊಡಕಿಲ್ಲ.

ಸಲಕರಣೆಗಳ ಪೈಕಿ ಡಾಟ್ ಮ್ಯಾಟ್ರಿಕ್ಸ್ ಮುದ್ರಕ, ಬಾರ್‌ಕೋಡ್ ಮುದ್ರಕ, ಸೀರಿಯಲ್ ತಂತಿಯ ತೂಕದ ಯಂತ್ರ, ಬೆರಳಚ್ಚಿನ ಹಾಜರಾತಿ ಸಾಧನ ಇವು ನಾಲ್ಕನ್ನು ಬಿಡದೆ ಪರೀಕ್ಷಿಸಬೇಕು. ಹೊಸ ಯಂತ್ರಗಳಲ್ಲಿ ಪ್ಯಾರಲಲ್ ಕಿಂಡಿಯೇ ಇರುವುದಿಲ್ಲ.

ಹಳೆಯ ಫಾಕ್ಸ್‌ಪ್ರೊ ಮತ್ತು ನುಡಿಯ ಸಮಸ್ಯೆ

ಮೂರನೆಯ ಮೇಜಿನ ಹಳೆಯ ತಂತ್ರಾಂಶ ಇನ್ನೂ ಸೂಕ್ಷ್ಮವಾದ ಪ್ರಕರಣ. ತೊಂಬತ್ತರ ದಶಕದಲ್ಲಿ ಊರಿನ ಪರಿಚಿತ ಪ್ರೋಗ್ರಾಮರೊಬ್ಬರು ಡಾಸ್ ಆಧಾರಿತ ಫಾಕ್ಸ್‌ಪ್ರೊದಲ್ಲಿ ಬರೆದುಕೊಟ್ಟ ದಾಸ್ತಾನು ಅಥವಾ ಬಡ್ಡಿ ಲೆಕ್ಕದ ತಂತ್ರಾಂಶಗಳು ಇಂದಿಗೂ ಕೆಲವು ಮಂಡಿಗಳಲ್ಲಿ ನಡೆಯುತ್ತಿವೆ. ಅವು ಕೆಟ್ಟಿಲ್ಲವೆಂಬುದು ನಿಜ. ಆದರೆ 64 ಬಿಟ್ ವಿಂಡೋಸ್‌ನಲ್ಲಿ ಇಂಥ ಡಾಸ್ ತಂತ್ರಾಂಶಗಳು ನೇರವಾಗಿ ನಡೆಯುವುದಿಲ್ಲ. ವಿಂಡೋಸ್ 11ಕ್ಕೆ 64 ಬಿಟ್ ಆವೃತ್ತಿ ಮಾತ್ರವೇ ಇದೆ. 32 ಬಿಟ್ ವಿಂಡೋಸ್ 10ರವರೆಗೆ ಹೇಗೋ ಸಾಗಿಬಂದ ಈ ದಾರಿ ಅಲ್ಲಿಗೆ ಮುಗಿಯಿತು. ಡಾಸ್‌ಬಾಕ್ಸ್‌ನಂಥ ಅನುಕರಣ ತಂತ್ರಾಂಶದಲ್ಲಿ ಅವನ್ನು ವಿಂಡೋಸ್ ಮೇಲೂ ಲಿನಕ್ಸ್ ಮೇಲೂ ತೆರೆದು ನೋಡಬಹುದು. ದಿನನಿತ್ಯದ ವಹಿವಾಟಿಗೆ ಅದನ್ನು ನೆಚ್ಚುವುದಕ್ಕಿಂತ, ಡಿಬಿಎಫ್ ಕಡತಗಳನ್ನು ಲಿಬ್ರೆಆಫೀಸ್‌ನಲ್ಲಿ ತೆರೆದು ಹೊಸ ತಂತ್ರಾಂಶಕ್ಕೆ ಸಾಗಿಸುವುದು ಮೇಲು. ಬರೆದುಕೊಟ್ಟವರು ಇನ್ನೂ ದೂರವಾಣಿಗೆ ಸಿಗುವಾಗಲೇ ಈ ಕೆಲಸ ಆಗಬೇಕು.

ಕನ್ನಡದಲ್ಲಿ ಪತ್ರ, ರಸೀದಿ ಮುದ್ರಿಸುವವರು ಇನ್ನೊಂದನ್ನು ಗಮನಿಸಬೇಕು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಾದ ಕಡತವು ಆ ಅಕ್ಷರ ಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ ಯಾವ ವ್ಯವಸ್ಥೆಯಾದರೂ ಓದುತ್ತದೆ. ಲಿನಕ್ಸ್‌ನಲ್ಲಿ ಕಗಪ ಕೀಲಿಮಣೆಯ ವಿನ್ಯಾಸ ಮೊದಲೇ ಅಡಕವಾಗಿರುವುದರಿಂದ ಬೆರಳುಗಳು ಹೊಸದಾಗಿ ಕಲಿಯಬೇಕಾದುದೇನೂ ಇಲ್ಲ.

ವಿಂಡೋಸ್ 11: ಯಾವ ಯಂತ್ರಕ್ಕೆ, ಎಷ್ಟು ವೆಚ್ಚಕ್ಕೆ

2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ಕನಿಷ್ಠ 4 ಜಿಬಿ ಸ್ಮರಣೆ, 64 ಜಿಬಿ ಸಂಗ್ರಹ, ಸೆಕ್ಯೂರ್ ಬೂಟ್ ಸೌಲಭ್ಯ ಮತ್ತು ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನು ಕೇಳುತ್ತದೆ. ಇಂಟೆಲ್ ಸಂಸ್ಕಾರಕವಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅನಂತರದ್ದಾಗಿರಬೇಕು. 2017ಕ್ಕೆ ಮೊದಲು ಕೊಂಡ ಯಂತ್ರಗಳು ಬಹುಮಟ್ಟಿಗೆ ಇಲ್ಲಿಯೇ ಅನರ್ಹವಾಗುತ್ತವೆ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಸಾಧನದಿಂದ ಇದನ್ನು ಐದು ನಿಮಿಷಗಳಲ್ಲಿ ತಿಳಿಯಬಹುದು. ಟಿಪಿಎಂ ಇಲ್ಲವೆಂದು ಅದು ಹೇಳಿದರೂ ಕೂಡಲೇ ಹೊಸ ಯಂತ್ರಕ್ಕೆ ಹಣ ಕೊಡಬೇಕಾಗಿಲ್ಲ. ಅನೇಕ ಯಂತ್ರಗಳಲ್ಲಿ ಅದು ಇದ್ದೂ ಬಯೋಸ್‌ನಲ್ಲಿ ಸ್ಥಗಿತಗೊಂಡಿರುತ್ತದೆ. 4 ಜಿಬಿ ಎಂಬುದು ಕಾಗದದ ಮೇಲಿನ ಕನಿಷ್ಠ. ಕಚೇರಿ ಕೆಲಸಕ್ಕೆ 8 ಜಿಬಿ ಬೇಕು. ಅನರ್ಹ ಯಂತ್ರಕ್ಕೆ ಅಡ್ಡದಾರಿಯಿಂದ ವಿಂಡೋಸ್ 11 ಹಾಕಿಕೊಡುವ ತಂತ್ರಜ್ಞರಿದ್ದಾರೆ. ಅಂಥ ಯಂತ್ರಕ್ಕೆ ಮುಂದಿನ ತೇಪೆಗಳು ಬರುವ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ, ಹಾಗಾದರೆ ಬದಲಾವಣೆಯ ಉದ್ದೇಶವೇ ತಪ್ಪಿದಂತಾಯಿತು.

ಕಾಲಾವಕಾಶ ಬೇಕಾದವರಿಗೆ ವಿಂಡೋಸ್ 10ರ ವಿಸ್ತೃತ ಭದ್ರತಾ ತೇಪೆಗಳ ಯೋಜನೆ ಇದೆ. ಸಂಸ್ಥೆಗಳಿಗೆ ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರ್, ಮುಂದಿನ ಪ್ರತಿ ವರ್ಷ ಅದರ ಇಮ್ಮಡಿ, ಗರಿಷ್ಠ ಮೂರು ವರ್ಷ ಎಂದು ದರ ಪ್ರಕಟವಾಗಿತ್ತು. ಮೂರು ವರ್ಷದ ಮೊತ್ತ ಕೂಡಿದರೆ ಯಂತ್ರವೊಂದಕ್ಕೆ 427 ಡಾಲರ್. ಆ ಹಣಕ್ಕೆ ಹೊಸ ಯಂತ್ರವೇ ಬರುತ್ತದೆ.

ಪರವಾನಗಿಯಿಲ್ಲದ ಪ್ರತಿಯ ವಿಷಯ ಅಹಿತಕರವಾದರೂ ಹೇಳಬೇಕಾದುದು. ಕೃತಿಸ್ವಾಮ್ಯ ಕಾಯ್ದೆ 1957ರ 63ಬಿ ಕಲಮಿನ ಪ್ರಕಾರ ಅಕ್ರಮ ಪ್ರತಿಯೆಂದು ತಿಳಿದೂ ಗಣಕ ತಂತ್ರಾಂಶ ಬಳಸುವುದಕ್ಕೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸದವರಿಗೆ ಕಾಯ್ದೆ ತೋರುವ ರಿಯಾಯಿತಿ ವ್ಯಾಪಾರಸ್ಥನಿಗೆ ದೊರೆಯದು. ಯಂತ್ರ ಕೊಳ್ಳುವಾಗ ಇನ್‌ವಾಯ್ಸ್‌ನಲ್ಲಿ ವಿಂಡೋಸ್ ಪರವಾನಗಿಯನ್ನು ಪ್ರತ್ಯೇಕವಾಗಿ ನಮೂದಿಸುವಂತೆ ಕೇಳುವುದು ಒಳಿತು. ಯಂತ್ರದೊಂದಿಗೆ ಬಂದ ಓಇಎಂ ಪರವಾನಗಿ ಆ ಯಂತ್ರದೊಂದಿಗೇ ಮುಗಿಯುತ್ತದೆ. ಪ್ರತ್ಯೇಕವಾಗಿ ಕೊಂಡ ಚಿಲ್ಲರೆ ಪರವಾನಗಿಯನ್ನು ಹೊಸ ಯಂತ್ರಕ್ಕೆ ವರ್ಗಾಯಿಸಬಹುದು.

ಲಿನಕ್ಸ್ ಎಲ್ಲಿ ಹೊಂದುತ್ತದೆ

ಎರಡನೆಯ ಮೇಜಿನ, ಅಂದರೆ ಮಿಂಚಂಚೆ, ದರಪಟ್ಟಿ, ಬ್ಯಾಂಕಿನ ಜಾಲತಾಣಗಳ ಯಂತ್ರಕ್ಕೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಸಾಕು. ವಿಂಡೋಸ್ 11ಕ್ಕೆ ಅನರ್ಹವಾದ ಯಂತ್ರದಲ್ಲಿ 4 ಜಿಬಿ ಸ್ಮರಣೆಯಿದ್ದರೆ ಮಿಂಟ್ ನೆಮ್ಮದಿಯಾಗಿ ನಡೆಯುತ್ತದೆ. ಪರವಾನಗಿ ಶುಲ್ಕವಿಲ್ಲ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳು ಎರಡು ವರ್ಷಕ್ಕೊಮ್ಮೆ ಬರುತ್ತವೆ, ಐದು ವರ್ಷ ಬೆಂಬಲ ಪಡೆಯುತ್ತವೆ. 2024ರ ಏಪ್ರಿಲ್ ಆವೃತ್ತಿಗೆ 2029ರವರೆಗೆ ಅವಧಿಯಿದೆ. ಇಲ್ಲಿಯೂ ಮುದ್ರೆಯ ದಿನಾಂಕ ಇದ್ದೇ ಇದೆ, ಉಚಿತವಾದುದಕ್ಕೆ ಅವಧಿಯಿಲ್ಲವೆಂದು ತಿಳಿಯಬಾರದು.

ಸಾಮಾನ್ಯ ಜನ ಇದನ್ನು ಬಳಸಲಾರರೆಂಬ ಮಾತಿಗೆ ಕೇರಳದ ಸರ್ಕಾರಿ ಶಾಲೆಗಳೇ ಉತ್ತರ. ಅಲ್ಲಿನ ಮಕ್ಕಳು ವರ್ಷಗಳಿಂದ ಲಿನಕ್ಸ್ ಮೇಲೆಯೇ ಪಾಠ ಕಲಿಯುತ್ತಿದ್ದಾರೆ. ಇದಕ್ಕೆ ವಿರುದ್ಧವಾದ ನಿದರ್ಶನ ಜರ್ಮನಿಯ ಮ್ಯೂನಿಕ್ ನಗರಾಡಳಿತದ್ದು. 2003ರಲ್ಲಿ ಲಿನಕ್ಸ್‌ಗೆ ಹೋಗಲು ನಿರ್ಧರಿಸಿ, ಹತ್ತು ವರ್ಷ ಶ್ರಮಿಸಿ ಸಾವಿರಾರು ಯಂತ್ರಗಳನ್ನು ಬದಲಿಸಿದ ಆ ನಗರವು 2017ರಲ್ಲಿ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ರಾಜಕೀಯವೂ ಅದರಲ್ಲಿ ಇತ್ತೆನ್ನಿ. ಆದರೂ ವಿಂಡೋಸ್‌ಗಾಗಿಯೇ ಬರೆದ ವಿಶೇಷ ತಂತ್ರಾಂಶಗಳು ಉಳಿದುಕೊಂಡದ್ದು ಅಲ್ಲಿ ನಿತ್ಯದ ತೊಡಕಾಗಿತ್ತು. ಮ್ಯಾಕ್ರೋಗಳಿಂದ ತುಂಬಿದ ಎಕ್ಸೆಲ್ ಹಾಳೆಗಳನ್ನು ನಂಬಿದ ಕಚೇರಿಗೆ ಲಿಬ್ರೆಆಫೀಸ್‌ನಲ್ಲಿಯೂ ಅದೇ ಅನುಭವವಾದೀತು. ಮುಂಬಯಿಯಲ್ಲಿ ರೂಪುಗೊಂಡ ಇಆರ್‌ಪಿನೆಕ್ಸ್ಟ್‌ನಂತೆ ಬ್ರೌಸರಿನಲ್ಲಿ ನಡೆಯುವ ಮುಕ್ತ ತಂತ್ರಾಂಶಕ್ಕೆ ಲೆಕ್ಕವನ್ನೇ ಒಯ್ಯುವವರಿಗೆ ಮಾತ್ರ ಮೇಜಿನ ಮೇಲಿನ ವ್ಯವಸ್ಥೆ ಯಾವುದೆಂಬ ಪ್ರಶ್ನೆ ಬಹುಪಾಲು ಇಲ್ಲವಾಗುತ್ತದೆ. ಆಪಲ್ ಸಂಸ್ಥೆಯ ಮ್ಯಾಕ್ ಯಂತ್ರಗಳು ವಿನ್ಯಾಸಕಾರರಿಗೆ ಸರಿ. ಗಲ್ಲಾಪೆಟ್ಟಿಗೆಯ ಮೇಜಿಗೆ ಅವುಗಳ ಬೆಲೆ ಹೊಂದುವುದಿಲ್ಲ.

ಸಿಎನ್‌ಸಿ ಯಂತ್ರದ ಪಕ್ಕದ ನಾಲ್ಕನೆಯ ಗಣಕಯಂತ್ರದಲ್ಲಿ ವಿಂಡೋಸ್ ಎಕ್ಸ್‌ಪಿ ಅಥವಾ 7 ಇದ್ದರೆ ಅದನ್ನು ಮುಟ್ಟಬಾರದು. ಯಂತ್ರ ತಯಾರಕರು ಒಪ್ಪದೆ ಬದಲಿಸಿದರೆ ಉತ್ಪಾದನೆ ನಿಂತೀತು. ಅದರ ಜಾಲದ ತಂತಿಯನ್ನು ಕಿತ್ತು, ಅದಕ್ಕೆಂದೇ ಮೀಸಲಾದ ಒಂದು ಪೆನ್ ಡ್ರೈವ್ ಇಟ್ಟುಕೊಳ್ಳಬೇಕು.

ಬದಲಾವಣೆಯ ದಿನ

ಲಿನಕ್ಸನ್ನು ಪೆನ್ ಡ್ರೈವ್‌ನಿಂದಲೇ ಚಾಲೂ ಮಾಡಿ, ಯಂತ್ರದಲ್ಲಿ ಏನನ್ನೂ ಅಳಿಸದೆ, ಮುದ್ರಕ ನಡೆಯುತ್ತದೆಯೇ ಎಂದು ಒಂದು ವಾರ ನೋಡಬಹುದು. ವಿಂಡೋಸ್ ಬದಲಿಸುವಾಗ ಲೆಕ್ಕದ ಕಡತಗಳ ಎರಡು ಪ್ರತಿಗಳನ್ನು ಪ್ರತ್ಯೇಕ ತಟ್ಟೆಗಳಲ್ಲಿ ತೆಗೆದು, ಒಂದನ್ನು ಮನೆಗೆ ಒಯ್ಯಬೇಕು. ಯಂತ್ರಕ್ಕೆ ಜೋಡಿಸಿಯೇ ಬಿಟ್ಟ ಪ್ರತಿಗೂ ವನ್ನಾಕ್ರೈನಂಥ ತಂತ್ರಾಂಶ ಬೀಗ ಹಾಕುತ್ತದೆ. ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು, ಹಿಂದಿನ ತಿಂಗಳ ಶಿಲ್ಕು ತಾಳೆಯಾಗುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಹಳೆಯದನ್ನು ಅಳಿಸಬೇಕು. ಮಾಸಿಕ ರಿಟರ್ನ್ ಸಲ್ಲಿಸುವವರಿಗೆ ಪ್ರತಿ ತಿಂಗಳ 11 ಮತ್ತು 20ನೆಯ ತಾರೀಖುಗಳು ಬಿಡುವಿಲ್ಲದವಾದ್ದರಿಂದ 21ರ ನಂತರದ ಒಂದು ರಜಾದಿನ ಈ ಕೆಲಸಕ್ಕೆ ಅನುಕೂಲ. ಹಳೆಯ ಯಂತ್ರವನ್ನು ಗುಜರಿಗೆ ಕೊಡುವಾಗ ಅದರ ತಟ್ಟೆಯನ್ನು ಬಿಚ್ಚಿಟ್ಟುಕೊಂಡು, ಯಾವ ವರ್ಷದ ಲೆಕ್ಕವೆಂದು ಚೀಟಿ ಅಂಟಿಸಿ, 72 ತಿಂಗಳು ತುಂಬುವವರೆಗೆ ತಿಜೋರಿಯಲ್ಲಿ ಇಡತಕ್ಕದ್ದು.