ವ್ಯಾಪಾರ ಸ್ವಾತಂತ್ರ್ಯವೂ ಆಡಳಿತದ ಅತಿಕ್ರಮವೂ

1. ಸಂವಿಧಾನದ 19(1)(ಜಿ) ವಿಧಿಯು ಯಾವುದೇ ವೃತ್ತಿ, ಕಸುಬು, ವ್ಯಾಪಾರವನ್ನು ನಡೆಸುವ ಹಕ್ಕನ್ನು ನಾಗರಿಕನಿಗೆ ನೀಡುತ್ತದೆ. 19(6)ರನ್ವಯ ಸಾರ್ವಜನಿಕ ಹಿತಾರ್ಥವಾಗಿ ಯುಕ್ತ ನಿರ್ಬಂಧಗಳನ್ನು ಮಾತ್ರ ವಿಧಿಸಬಹುದು.

2. ಮುಖ್ಯ ಪ್ರಕರಣ: ಚಿಂತಾಮನ್ ರಾವ್ ವಿರುದ್ಧ ಮಧ್ಯಪ್ರದೇಶ ರಾಜ್ಯ (1950). ಬೇಸಾಯದ ಕಾಲದಲ್ಲಿ ಕೂಲಿಯಾಳುಗಳು ಹೊಲವನ್ನು ತೊರೆದು ಬೀಡಿ ಕಟ್ಟಲು ಹೋಗದಿರಲೆಂದು, 1948ರ ಪ್ರಾಂತೀಯ ಕಾಯಿದೆಯ ಬಲದಿಂದ ಸಾಗರದ (ನಮ್ಮ ಶಿವಮೊಗ್ಗೆಯ ಸಾಗರವಲ್ಲ) ಡೆಪ್ಯುಟಿ ಕಮಿಷನರು ಗೊತ್ತಾದ ಹಳ್ಳಿಗಳ ನಿವಾಸಿಗಳೆಲ್ಲರಿಗೂ ಆ ಕಸುಬನ್ನೇ ನಿಷೇಧಿಸಲಾಗಿ, ಹೊಲದ ದುಡಿಮೆಗೆ ಒದಗದ ಅಶಕ್ತರು, ಮಕ್ಕಳು, ವೃದ್ಧೆಯರು, ಚಿಲ್ಲರೆ ಅಂಗಡಿಕಾರರು ಇವರ ಜೀವನೋಪಾಯವನ್ನೂ ಕಸಿಯುವ ಈ ಕ್ರಮವು ಉದ್ದಿಷ್ಟ ಪ್ರಯೋಜನವನ್ನು ಮೀರಿದ್ದೆಂದು ಸರ್ವೋಚ್ಚ ನ್ಯಾಯಾಲಯವು ಕಾಯಿದೆಯನ್ನೇ ಅಸಿಂಧುವೆಂದು ಸಾರಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್. ‘ಯುಕ್ತತೆ’ಯನ್ನು ಅಳೆಯುವ ಅಂತಿಮಾಧಿಕಾರ ಶಾಸಕಾಂಗದ್ದಲ್ಲ, ನ್ಯಾಯಾಲಯದ್ದು ಎಂಬುದೇ ಇಲ್ಲಿನ ತಿರುಳು, ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ಬಹುಮಟ್ಟಿಗೆ ಇಲ್ಲಿಂದಲೇ.

3. ಸೋದನ್ ಸಿಂಗ್ ಪ್ರಕರಣ (1989): ಬೀದಿಬದಿಯ ವ್ಯಾಪಾರವೂ 19(1)(ಜಿ)ಯ ರಕ್ಷಣೆಗೆ ಒಳಪಟ್ಟಿದೆ, ಆದರೆ ಇಂಥದೇ ಸ್ಥಳ ಬೇಕೆಂಬ ಹಕ್ಕಿಲ್ಲ. ಬೀದಿ ವ್ಯಾಪಾರಿಗಳ ಕಾಯಿದೆ: 2014.

4. ತಪ್ಪಿ ಬೀಳುವ ಸ್ಥಳಗಳು:
• ರಿಟ್ ಅಧಿಕಾರ, 32ನೆಯ ವಿಧಿ: ಸರ್ವೋಚ್ಚ ನ್ಯಾಯಾಲಯ, ಮೂಲಭೂತ ಹಕ್ಕುಗಳಿಗಷ್ಟೇ. 226: ಉಚ್ಚ ನ್ಯಾಯಾಲಯ, ಅನ್ಯ ಉದ್ದೇಶಗಳಿಗೂ, ಆದ್ದರಿಂದ ವ್ಯಾಪ್ತಿಯಲ್ಲಿ ಹಿರಿದು.
• 19ನೆಯ ವಿಧಿ ನಾಗರಿಕರಿಗೆ ಮಾತ್ರ. 14ನೆಯದು ವಿದೇಶೀಯರೂ ಸೇರಿ ಸಕಲ ವ್ಯಕ್ತಿಗಳಿಗೆ.
• ಆಸ್ತಿಯ ಹಕ್ಕು ಮೂಲಭೂತವಲ್ಲ: 44ನೆಯ ತಿದ್ದುಪಡಿ (1978), ಈಗ 300ಎ.
• ಮದ್ಯದ ವ್ಯಾಪಾರವು ಮೂಲಭೂತ ಹಕ್ಕಲ್ಲ: ಖೋಡೇ ಡಿಸ್ಟಿಲರೀಸ್ ವಿರುದ್ಧ ಕರ್ನಾಟಕ ರಾಜ್ಯ.