ಹೆಸರು ಬದಲಿಸಿದರೆ ಸಾಲದು

ಮಡಂತ್ಯಾರಿನ ಸಹೋದರಿಗೆ,

ಅತ್ತೆಯವರೊಂದಿಗಿನ ಮನಸ್ತಾಪವನ್ನು ಹೆಸರು ಬದಲಿಸಿ ಬ್ಲಾಗಿನಲ್ಲಿ ಹಾಕಲೇ ಎಂದು ಕೇಳಿದ್ದೀರಿ. ಬೇಡ. ನಿಮ್ಮಂಥ ಪುಟ್ಟ ಪೇಟೆಯಲ್ಲಿ ಮನೆಯ ಗುರುತು ಹತ್ತಲು ಹೆಸರೇ ಬೇಕಿಲ್ಲ. ಅತ್ತೆಯವರ ಕಾಯಿಲೆ, ಗಂಡನ ಸಾಲ ನೀವೊಬ್ಬರೇ ಬಿಚ್ಚಿಡುವ ಸಂಗತಿಗಳೂ ಅಲ್ಲ.

ಆದರೆ ಡೈರಿಯಲ್ಲಿ ಖಂಡಿತ ಬರೆಯಿರಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್‌ಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು 4 ದಿನ, ದಿನಕ್ಕೆ 15 ನಿಮಿಷ ತಮ್ಮ ನೋವನ್ನು ಬರೆದರು. ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಯಿತು. ಮುಂದಿನ ತಿಂಗಳುಗಳಲ್ಲಿ ಮಾತ್ರ, ನಡೆದ ಸಂಗತಿಯ ಜೊತೆ ಭಾವನೆಗಳನ್ನೂ ಬರೆದವರು ವೈದ್ಯರ ಬಳಿ ಹೋದದ್ದು ಕಡಿಮೆ. ಆ ಭಾರದ ಗಳಿಗೆಯಲ್ಲೇ ನಾವು ‘ಪ್ರಕಟಿಸು’ ಗುಂಡಿ ಒತ್ತಿಬಿಡುತ್ತೇವೆ.

ಬಯಲುಸೀಮೆಯಿಂದ ಬಂದು ತುಳು ಕಲಿತ ಕಥೆ ಬರೆದಿದ್ದೀರಲ್ಲ, ಅದನ್ನು ಧಾರಾಳವಾಗಿ ಹಾಕಿ. ಮೊದಲು ಅತ್ತೆಯವರಿಗೆ ಓದಿ ಹೇಳಿ.